ಮುಪ್ಪಿನ ಮದ್ದು ಮತ್ತು ಹತ್ತು ವರ್ಷದ ಬಂಡವಾಳ

ಕಾಸರಗೋಡಿನ ಕನ್ನಡ ಎಂ.ಎ. ವಿದ್ಯಾರ್ಥಿನಿಗೂ ಬಯೋಟೆಕ್ ಕಂಪನಿಗಳಿಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ನಾನು ಈ ವಿಷಯಕ್ಕೆ ಬಂದದ್ದು ಯಯಾತಿಯ ಕಥೆಯಿಂದ. ಶುಕ್ರಾಚಾರ್ಯರು ಅವನಿಗೆ ಕೊಟ್ಟ ಶಾಪ ಸಾವಿನದ್ದಲ್ಲ, ಮುಪ್ಪಿನದ್ದು. ಅವನು ಮಕ್ಕಳ ಮುಂದೆ ಕೈಯೊಡ್ಡಿದ್ದೂ ಯೌವನಕ್ಕಾಗಿ. ‘ದೀರ್ಘಾಯುಷ್ಯ’ ಅಂತ ನಾವು ಹೇಳುವ ಒಂದು ಪದದೊಳಗೆ ಎರಡು ಆಸೆಗಳುಂಟು: ಹೆಚ್ಚು ಕಾಲ ಬದುಕುವುದು, ಬದುಕಿದಷ್ಟು ಕಾಲ ಗಟ್ಟಿಯಾಗಿರುವುದು. ಅಮೆರಿಕದ ಹೊಸ ಕಂಪನಿಗಳು ಹೆಚ್ಚಾಗಿ ಮಾತಾಡುವುದು ಈ ಎರಡನೆಯದರ ಬಗ್ಗೆ. ಅವುಗಳಲ್ಲೊಂದಾದ ಆಲ್ಟೋಸ್ ಲ್ಯಾಬ್ಸ್ 2022ರಲ್ಲಿ 300 ಕೋಟಿ ಡಾಲರ್ ಬಂಡವಾಳದೊಂದಿಗೆ ಶುರುವಾಯಿತು.

ಇಷ್ಟು ಹಣವಿದ್ದರೂ ತೊಡಕು ಇರುವುದು ಕಾಲದಲ್ಲಿ. ವೆಂಚರ್ ಕ್ಯಾಪಿಟಲ್ ನಿಧಿಯೊಂದರ ಆಯುಷ್ಯವೇ ಸಾಮಾನ್ಯವಾಗಿ ಹತ್ತು ವರ್ಷ. ಅಷ್ಟರೊಳಗೆ ಹೂಡಿದವರಿಗೆ ಹಣ ಹಿಂದಿರುಗಬೇಕು. ಆದರೆ ಒಂದು ಮದ್ದು ಮನುಷ್ಯರ ಮುಪ್ಪನ್ನು ನಿಧಾನಿಸಿತೇ ಅಂತ ನೋಡಲು ಎಷ್ಟು ವರ್ಷ ಕಾಯಬೇಕು? ಇನ್ನೊಂದು ಅಡ್ಡಿಯೂ ಉಂಟು. ಮುಪ್ಪನ್ನೇ ಒಂದು ಕಾಯಿಲೆ ಅಂತ ಹೆಸರಿಸಿ ಮದ್ದಿಗೆ ಅನುಮತಿ ಕೊಡುವ ರೂಢಿ ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎಯಲ್ಲಿ ಇಲ್ಲ. ಹಾಗಾಗಿ ಕಂಪನಿಗಳು ಬೇಗ ಅಳೆಯಬಹುದಾದ ಯಾವುದೋ ಒಂದು ಕಾಯಿಲೆಯನ್ನು ಆರಿಸಿಕೊಳ್ಳುತ್ತವೆ.

ಯೂನಿಟಿ ಬಯೋಟೆಕ್ನಾಲಜಿ ಆರಿಸಿಕೊಂಡದ್ದು ಮೊಣಕಾಲನ್ನು. ವಯಸ್ಸಾದಂತೆ ಕೆಲವು ಜೀವಕೋಶಗಳು ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದು, ಸುತ್ತಲಿನ ಅಂಗಾಂಶಕ್ಕೆ ಉರಿಯೂತ ತರುತ್ತವೆ. ಇಲಿಗಳಲ್ಲಿ ಇಂಥ ಕೋಶಗಳನ್ನು ತೆಗೆದಾಗ ಅವು ಹೆಚ್ಚು ಕಾಲ ಆರೋಗ್ಯವಾಗಿದ್ದವು ಎಂದು ಮೇಯೊ ಕ್ಲಿನಿಕ್‌ನ ಸಂಶೋಧನೆಗಳು ತೋರಿಸಿದ್ದವು. ಜೆಫ್ ಬೆಜೋಸ್ ಅವರಂಥವರ ಹಣ ಬಂತು. 2018ರಲ್ಲಿ ಕಂಪನಿ ಷೇರುಪೇಟೆಗೂ ಇಳಿಯಿತು. 2020ರ ಆಗಸ್ಟ್‌ನಲ್ಲಿ ಫಲಿತಾಂಶ ಬಂದಾಗ, ಮದ್ದು ಪಡೆದವರ ಮಂಡಿನೋವಿಗೂ ಪ್ಲಾಸಿಬೊ ಪಡೆದವರ ಮಂಡಿನೋವಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಷೇರು ಕುಸಿಯಿತು. ಕಂಪನಿ ಕಣ್ಣಿನ ಕಾಯಿಲೆಯ ಕಡೆ ಹೊರಳಿತು, 2025ರಲ್ಲಿ ಮುಚ್ಚುವ ದಾರಿ ಹಿಡಿಯಿತು. ಸೋತದ್ದು ಮೂಲ ಕಲ್ಪನೆಯೋ, ಆ ಮದ್ದೋ, ಅಥವಾ ಮೊಣಕಾಲನ್ನು ಆರಿಸಿದ್ದೋ? ಒಂದು ಮಂಡಿಯ ಪರೀಕ್ಷೆ ಇದಕ್ಕೆ ಉತ್ತರ ಹೇಳುವುದಿಲ್ಲ. ಷೇರುಪೇಟೆ ಮಾತ್ರ ಉತ್ತರ ಸಿಕ್ಕಿತು ಅಂತ ನಡೆದುಕೊಂಡಿತು.

ಸ್ಯಾನ್ ಫ್ರಾನ್ಸಿಸ್ಕೊದ ಲಾಯಲ್ ಕಂಪನಿ ಇನ್ನೂ ಜಾಣ ದಾರಿ ಹಿಡಿದಿದೆ ಅಂತ ನನ್ನ ಅಭಿಪ್ರಾಯ. ಅದು ಮದ್ದು ಮಾಡುತ್ತಿರುವುದು ನಾಯಿಗಳಿಗೆ. ದೊಡ್ಡ ತಳಿಯ ನಾಯಿಗಳ ಆಯಸ್ಸು ಕಡಿಮೆ, ಆದ್ದರಿಂದ ಪರಿಣಾಮ ಬೇಗ ಗೊತ್ತಾಗುತ್ತದೆ. 2023ರ ನವೆಂಬರ್‌ನಲ್ಲಿ, ಆ ಮದ್ದು ಪರಿಣಾಮಕಾರಿಯಾದೀತು ಎಂಬ ನಿರೀಕ್ಷೆಗೆ ಆಧಾರವಿದೆ ಎಂದು ಎಫ್‌ಡಿಎ ಒಪ್ಪಿತು. ಪೂರ್ತಿ ಅನುಮತಿ ಅದಲ್ಲ. ಆದರೂ ‘ಆಯಸ್ಸು ಹೆಚ್ಚಿಸುವುದು’ ಎಂಬ ಉದ್ದೇಶವನ್ನೇ ಮುಂದಿಟ್ಟ ಮದ್ದಿಗೆ ಬಾಗಿಲು ಅಷ್ಟಾದರೂ ತೆರೆಯಿತು.

ಇನ್ನು ನಮ್ಮ ಮನೆಗಳಿಗೆ ಹತ್ತಿರದ ಸಂಗತಿ. ಮೆಟ್‌ಫಾರ್ಮಿನ್ ಅಂದ್ರೆ ನಿಮಗೆಲ್ಲ ಗೊತ್ತು, ಅಜ್ಜ ಅಜ್ಜಿಯರ ಸಕ್ಕರೆ ಕಾಯಿಲೆಯ ಮಾತ್ರೆ. ಕುಂಬಳೆಯ ಮೆಡಿಕಲ್ ಶಾಪಿನಲ್ಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಇದು ಮುಪ್ಪಿನ ಕಾಯಿಲೆಗಳನ್ನು ತಡವಾಗಿಸುತ್ತದೆಯೇ? ಸಾಬೀತಾಗಿಲ್ಲ, ಇಲಿಗಳ ಮೇಲಿನ ಫಲಿತಾಂಶಗಳೂ ಒಂದೇ ರೀತಿ ಇಲ್ಲ. ಅದನ್ನು ತಿಳಿಯಲೆಂದೇ ನ್ಯೂಯಾರ್ಕ್‌ನ ನಿರ್ ಬಾರ್ಜಿಲೈ ಮತ್ತು ಸಂಗಡಿಗರು ‘ಟೇಮ್’ ಎಂಬ ಪರೀಕ್ಷೆ ಯೋಜಿಸಿದರು: 65ರಿಂದ 79 ವಯಸ್ಸಿನ 3,000 ಜನ, ಆರು ವರ್ಷ. 2015ರಲ್ಲೇ ಎಫ್‌ಡಿಎ ಜತೆ ಮಾತುಕತೆ ನಡೆಯಿತು. ಹಣ ಮಾತ್ರ ಪೂರ್ತಿ ಒದಗಲಿಲ್ಲ. ಪೇಟೆಂಟ್ ಮುಗಿದ ಮಾತ್ರೆ ಗೆದ್ದರೂ ಹೂಡಿದವನಿಗೆ ಏನು ಸಿಗುತ್ತದೆ?

2011ರ ಜನಗಣತಿಯಲ್ಲೇ ಕೇರಳದಲ್ಲಿ 60 ದಾಟಿದವರು ಶೇ. 12.6, ದೇಶದ ಲೆಕ್ಕ ಶೇ. 8.6. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದ್ರೆ ಇವತ್ತಿಗೂ ಮಂಗಳೂರು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಏನಾಯಿತೆಂದು ಇಲ್ಲಿರುವ ಅನೇಕರಿಗೆ ನೆನಪಿದೆ. ಡಯಾಲಿಸಿಸ್‌ಗೆ ಗಡಿ ದಾಟಬೇಕಾದ ದಿನ ಐದು ವರ್ಷ ಮುಂದೆ ಹೋದರೆ ನಮ್ಮ ಹಿರಿಯರಿಗೆ ಅದೇ ದೊಡ್ಡದು. ಅಂಥ ಐದು ವರ್ಷ ಅಗ್ಗದ ಮಾತ್ರೆಯಿಂದ ಸಿಗಬಹುದೋ ಇಲ್ಲವೋ ಎಂದು ಪರೀಕ್ಷಿಸುವುದು ಸರ್ಕಾರಿ ಹಣದ ಕೆಲಸ ಅಂತ ನಾನು ತಿಳಿದಿದ್ದೇನೆ.

ಯಯಾತಿಗೆ ಬೆಲೆ ತೆತ್ತವನು ಪೂರು. ಕಾರ್ನಾಡರ ನಾಟಕದಲ್ಲಿ ಚಿತ್ರಲೇಖೆಯೂ ತೆತ್ತಳು. ಆ ಭಾಗವನ್ನು ಪ್ರಶ್ನೋತ್ತರದಲ್ಲಿ ಮಾತಾಡೋಣ, ಸಮಯ ಮುಗಿದಿದೆ ಅಂತ ಸರ್ ಚಾಟ್‌ನಲ್ಲಿ ಬರೆದಿದ್ದಾರೆ.