14 ಸೆಕೆಂಡಿಗೊಂದು ಅರ್ಜಿ!

1981ರಲ್ಲಿ ಏಳು ಮಂದಿ ಎಂಜಿನಿಯರುಗಳು ಸೇರಿ ಇನ್ಫೋಸಿಸ್ ಆರಂಭಿಸಿದರು. 2018-19ರ ಒಂದೇ ಹಣಕಾಸು ವರ್ಷದಲ್ಲಿ ಅದೇ ಕಂಪನಿಗೆ ಕೆಲಸ ಕೇಳಿಕೊಂಡು ಬಂದ ಅರ್ಜಿಗಳು 23 ಲಕ್ಷಕ್ಕೂ ಹೆಚ್ಚು! ಹಗಲು, ರಾತ್ರಿ, ಭಾನುವಾರ, ಹಬ್ಬ ಎನ್ನದೆ ವರ್ಷವಿಡೀ ಸುಮಾರು 14 ಸೆಕೆಂಡಿಗೊಂದು ಅರ್ಜಿ. ಒಂದೊಂದನ್ನೂ ಎರಡೇ ಹಾಳೆಯಲ್ಲಿ ಮುದ್ರಿಸಿ ಪೇರಿಸಿದರೂ ರಾಶಿ 460 ಮೀಟರ್ ಏರುತ್ತದೆ. ಅದರ ತುದಿ ಮುಟ್ಟಬೇಕಾದರೆ ಶ್ರವಣಬೆಳಗೊಳದ ಗೊಮ್ಮಟನ ಮೇಲೆ ಗೊಮ್ಮಟನನ್ನು ನಿಲ್ಲಿಸುತ್ತ 26 ಗೊಮ್ಮಟರನ್ನು ನಿಲ್ಲಿಸಬೇಕು!

ಇಷ್ಟು ಜನರಲ್ಲಿ ಸಂದರ್ಶನದ ಕುರ್ಚಿವರೆಗೆ ತಲುಪಿದವರು ಸುಮಾರು 1.8 ಲಕ್ಷ, ಅಂದರೆ 13 ಮಂದಿಯಲ್ಲಿ ಒಬ್ಬರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ತೊಡೆಯ ಮೇಲೊಂದು ಫೈಲು, ಅದರೊಳಗೆ ಎಸ್ಸೆಸ್ಸೆಲ್ಸಿಯಿಂದ ಕೊನೆಯ ಸೆಮಿಸ್ಟರಿನವರೆಗಿನ ಅಂಕಪಟ್ಟಿಗಳು. ‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಎರಡು ನಿಮಿಷ ಉತ್ತರಿಸುವಷ್ಟರಲ್ಲಿ ಕಂಪನಿಗೆ ಇನ್ನೂ ಎಂಟೊಂಬತ್ತು ಅರ್ಜಿ ಬಂದಿರುತ್ತವೆ. ಅರ್ಧ ಗಂಟೆ ಮಾತಾಡಿ ‘ಥ್ಯಾಂಕ್ಯೂ ಸರ್’ ಎಂದು ಏಳುವ ಹೊತ್ತಿಗೆ 130! ಈ 1.8 ಲಕ್ಷ ಜನರನ್ನೂ ಒಬ್ಬರೇ ಅಧಿಕಾರಿ ದಿನಕ್ಕೆ ಎಂಟು ಗಂಟೆ ಕೂತು ಸಂದರ್ಶಿಸಿದರೆ, ಒಂದು ದಿನವೂ ರಜೆ ಹಾಕದೆ 30 ವರ್ಷಕ್ಕೂ ಹೆಚ್ಚು ಬೇಕು. 25ನೇ ವಯಸ್ಸಿಗೆ ಶುರು ಮಾಡಿದವರು 55 ದಾಟಿದ ಮೇಲೆ ಎದ್ದಾರು. ಅದಕ್ಕಿಂತ ಅಚ್ಚರಿ ಇಲ್ಲಿದೆ: ಆ ವರ್ಷ ಕಂಪನಿ ಕೆಲಸಕ್ಕೆ ಕರೆದದ್ದು ಸುಮಾರು 94 ಸಾವಿರ ಮಂದಿಯನ್ನು. ಕುರ್ಚಿಯಲ್ಲಿ ಕೂತವರ ಲೆಕ್ಕಕ್ಕೆ ಹಿಡಿದರೆ ಅರ್ಧಕ್ಕಿಂತ ಹೆಚ್ಚು! ಕುರ್ಚಿ ಗಿಟ್ಟಿಸುವುದೇ ಪ್ರಶ್ನೆಗಳಿಗಿಂತ ಕಷ್ಟದ ಪರೀಕ್ಷೆ.

ಗೂಗಲ್‌ನ ವೇಗ ಇನ್ನೂ ಜೋರು. 2011ರ ಆರಂಭದಲ್ಲಿ ಒಂದೇ ವಾರಕ್ಕೆ 75,000 ಅರ್ಜಿ ಬಂದವು, ಎಂಟು ಸೆಕೆಂಡಿಗೊಂದು! ಕಂಪನಿಯ ಮೊದಮೊದಲ ವರ್ಷಗಳಲ್ಲಿ ಒಬ್ಬ ಅಭ್ಯರ್ಥಿಗೆ 25 ಸಂದರ್ಶನಗಳವರೆಗೂ ನಡೆದದ್ದುಂಟು. ಒಂದೊಂದು ಮುಕ್ಕಾಲು ಗಂಟೆ ಎಂದರೂ ಸುಮಾರು 19 ಗಂಟೆ ಮಾತು. ಅಷ್ಟರಲ್ಲಿ ಎರಡೂವರೆ ಗಂಟೆಯ ಏಳು ಸಿನಿಮಾ ನೋಡಿ ಮುಗಿಸಿದರೂ ಸಮಯ ಮಿಗುತ್ತದೆ. ನಾಲ್ಕೇ ಸುತ್ತು ಸಾಕೆಂದು ಆಮೇಲೆ ಕಂಪನಿಯೇ ಲೆಕ್ಕ ಹಾಕಿ ಕಂಡುಕೊಂಡಿತು. ಅಂದರೆ ಉಳಿದ 21 ಸುತ್ತುಗಳ ಬೆವರು ಹೆಚ್ಚುವರಿ!

ಈಗ ಉತ್ತರ ಪ್ರದೇಶಕ್ಕೆ ಬನ್ನಿ. 2015ರಲ್ಲಿ ಅಲ್ಲಿನ ಸಚಿವಾಲಯದ 368 ಜವಾನ ಹುದ್ದೆಗಳಿಗೆ ಬಂದದ್ದು 23 ಲಕ್ಷ ಅರ್ಜಿ. ಒಂದು ಹುದ್ದೆಗೆ 6,250 ಮಂದಿ! ಕೇಳಿದ್ದು ಐದನೇ ತರಗತಿ ಪಾಸು ಮತ್ತು ಸೈಕಲ್ ಸವಾರಿ. ಅರ್ಜಿ ಹಾಕಿದವರಲ್ಲಿ ಪಿಎಚ್‌.ಡಿ. ಪಡೆದವರೇ 255. ದಿನಕ್ಕೆ 2,000 ಮಂದಿಯನ್ನು ಸಂದರ್ಶಿಸಿದರೂ 1,150 ದಿನ ಬೇಕು. ರಜೆಗಳನ್ನು ಕಳೆದರೆ ಹತ್ತಿರ ಹತ್ತಿರ ನಾಲ್ಕು ವರ್ಷ!

ಇದೂ ಚಿಕ್ಕದಾಗಿ ಕಾಣುವುದು ಭಾರತೀಯ ರೈಲ್ವೆಯ ಮುಂದೆ. 2018ರಲ್ಲಿ ಸುಮಾರು 1.27 ಲಕ್ಷ ಹುದ್ದೆಗಳಿಗೆ 2.37 ಕೋಟಿ ಅರ್ಜಿ. ಇಡೀ ಶ್ರೀಲಂಕಾದ ಜನಸಂಖ್ಯೆಯೇ ಇಷ್ಟಿಲ್ಲ! ಒಬ್ಬರಿಗೆ ಅರ್ಧ ಮೀಟರಿನಂತೆ ಸಾಲಾಗಿ ನಿಲ್ಲಿಸಿದರೆ ಸಾಲು 11,850 ಕಿಲೋಮೀಟರ್, ಭಾರತದ ಉತ್ತರ–ದಕ್ಷಿಣ ಉದ್ದದ ಮೂರೂವರೆ ಪಟ್ಟಿಗೂ ಹೆಚ್ಚು. ಈ ಹುದ್ದೆಗಳಿಗೆ ಸಂದರ್ಶನ ಇರಲಿಲ್ಲ, ಪುಣ್ಯ. ಇದ್ದಿದ್ದರೆ? ತಲಾ ಅರ್ಧ ಗಂಟೆಯಂತೆ ಒಂದೇ ಸಮಿತಿ ಹಗಲೂ ರಾತ್ರಿ ಎಡೆಬಿಡದೆ ಕೂತರೂ 1,350 ವರ್ಷ! ಬಾದಾಮಿಯಲ್ಲಿ ಚಾಲುಕ್ಯರ ಒಂದನೇ ವಿಕ್ರಮಾದಿತ್ಯ ಆಳುತ್ತಿದ್ದಾಗ ಮೊದಲ ಅಭ್ಯರ್ಥಿಯನ್ನು ಒಳಗೆ ಕರೆದಿದ್ದರೆ ಕೊನೆಯವರ ಸರದಿ ನಮ್ಮ ಕಾಲಕ್ಕೆ ಬರುತ್ತಿತ್ತು. ರೈಲ್ವೆ ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷವೇ ಸುಮಾರು 35 ಸಾವಿರ ಹುದ್ದೆಗಳಿಗೆ ಮತ್ತೆ 1.25 ಕೋಟಿ ಅರ್ಜಿ ಬಂದವು. ಆ ಪಟ್ಟಿಗೆ ಬೇರೆಯೇ 700 ವರ್ಷ ಎತ್ತಿಡಬೇಕು!