ಬಾಡಿಗೆ ಕಾರಿನಲ್ಲಿ ಮಗಳು ಒಬ್ಬಳೇ ಬರಬಹುದಾ?

ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ಒಬ್ಬರು ಉಮ್ಮ ಗೇಟಿನ ಹತ್ತಿರ ಕಾಯುತ್ತಿದ್ದರು. “ಉಸ್ತಾದರೇ, ಮಗಳ ಟ್ಯೂಷನ್ ಬಿಡಿಸುವುದಾ ಅಂತ ನೋಡ್ತಾ ಇದ್ದೇವೆ” ಎಂದರು. ಹುಡುಗಿ ಪಿಯುಸಿ. ಕ್ಲಾಸ್ ವಿದ್ಯಾನಗರದಲ್ಲಿ, ಮನೆ ಹಳೇ ಹುಬ್ಬಳ್ಳಿಯಲ್ಲಿ. ಬಿಡುವಾಗ ರಾತ್ರಿ ಎಂಟು. ಆ ಹೊತ್ತಿಗೆ ಬಾಪ ಹೋಟೆಲ್ ಬಿಟ್ಟು ಬರುವ ಹಾಗಿಲ್ಲ. ಅವರ ಫೋನಿನಲ್ಲೇ ಕಾರು ಬುಕ್ ಮಾಡಿ ಮಗಳನ್ನು ಕರೆಸಿಕೊಳ್ಳುತ್ತಿದ್ದರು. ಒಂದು ದಿನ ಡ್ರೈವರ್ ಅವಳ ಇನ್‌ಸ್ಟಾಗ್ರಾಮ್ ಐಡಿ ಕೇಳಿದ. ಮಗಳು ಅದನ್ನು ಮನೆಯಲ್ಲಿ ಹೇಳಿದ್ದು ಹದಿನೈದು ದಿನ ಕಳೆದ ಮೇಲೆ. ಹೇಳಿದರೆ ಕ್ಲಾಸೇ ನಿಲ್ಲಿಸುತ್ತಾರೆಂದು ಹೆದರಿದ್ದಳಂತೆ. ಅವಳ ಹೆದರಿಕೆ ಸುಳ್ಳಾಗಲಿಲ್ಲ ನೋಡಿ.

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಊಬರ್‌ನ ಸಾಮಾನ್ಯ ಖಾತೆಯಲ್ಲಿ 18 ವರ್ಷ ತುಂಬದ ಮಕ್ಕಳು ಒಬ್ಬರೇ ಪ್ರಯಾಣ ಮಾಡುವಂತಿಲ್ಲ. ಬಾಪನ ಫೋನಿನಿಂದ ಬುಕ್ ಮಾಡಿದರೂ ಅಷ್ಟೇ. 13ರಿಂದ 17 ವರ್ಷದವರಿಗೆಂದೇ ಆ ಕಂಪನಿ 2025ರ ಮಾರ್ಚ್‌ನಲ್ಲಿ ದೇಶದ 37 ನಗರಗಳಲ್ಲಿ ಬೇರೆ ಖಾತೆ ಶುರು ಮಾಡಿತು. ಅದನ್ನು ತೆರೆಯಬೇಕಾದವರು ಹೆತ್ತವರು. ಪಿನ್ ಹೇಳದೆ ಗಾಡಿ ಹೊರಡುವುದಿಲ್ಲ, ಕಾರು ಎಲ್ಲಿದೆ ಎಂದು ಮನೆಯಲ್ಲೇ ಕೂತು ನೋಡಬಹುದು. ನಿಮ್ಮ ಊರಲ್ಲಿ ಈ ಸೌಲಭ್ಯ ಇದೆಯಾ ಎಂದು ಆ್ಯಪ್‌ನಲ್ಲೇ ನೋಡಿಕೊಳ್ಳಿ.

ಆದರೆ ಫೋನನ್ನು ಮಾತ್ರ ನಂಬಿ ಕೂರಬೇಡಿ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್‌ಸೆಂಟರ್ ಉದ್ಯೋಗಿಯೊಬ್ಬಳನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಡ್ರೈವರ್ ಕೊಂದುಹಾಕಿದ. ಅವನು ಅವಳ ದಿನದ ಡ್ರೈವರ್ ಅಲ್ಲ, ಬದಲಿಗೆ ಬಂದವನೆಂದು ನಂಬಿಸಿದ್ದ. ಹಾಗಾಗಿ ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಇದು: ನಂಬರ್ ಪ್ಲೇಟ್, ಡ್ರೈವರನ ಮುಖ ಎರಡೂ ಆ್ಯಪ್‌ನಲ್ಲಿ ಇದ್ದ ಹಾಗೆ ಇಲ್ಲದಿದ್ದರೆ ಹತ್ತಲೇಬಾರದು. ಹಳದಿ ಬೋರ್ಡ್ ಇರಲಿ. ಹಿಂದಿನ ಸೀಟಿನಲ್ಲೇ ಕೂರಲಿ, ಬಾಗಿಲು ಒಳಗಿಂದ ತೆರೆಯುತ್ತದಾ ಎಂದು ಹೊರಡುವ ಮೊದಲೇ ನೋಡಲಿ. 112 ಮತ್ತು ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಇರಲಿ. ಗಂಡುಮಕ್ಕಳಿಗೂ ಇದೇ ಮಾತು. 2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಎಂದು ಭೇದ ಮಾಡಿಲ್ಲ, ನಾವು ಮಾತ್ರ ಹುಡುಗನಿಗೇನಾಗುತ್ತದೆ ಎಂದು ಸುಮ್ಮನಿರುತ್ತೇವೆ.

ದೀನಿನ ವಿಷಯವನ್ನೂ ಆ ಉಮ್ಮ ಕೇಳಿದರು. ಅನ್ಯ ಪುರುಷನ ಜೊತೆ ಹೆಣ್ಣು ಏಕಾಂತದಲ್ಲಿ ಇರಬಾರದು ಎಂಬುದು ಎಲ್ಲರಿಗೂ ಗೊತ್ತು. ಊರೊಳಗಿನ ಟ್ಯಾಕ್ಸಿ ಆ ಏಕಾಂತಕ್ಕೆ ಸೇರುತ್ತದಾ ಎಂಬಲ್ಲಿ ಉಲಮಾಗಳದ್ದು ಒಂದೇ ಅಭಿಪ್ರಾಯ ಅಲ್ಲ. ಇಬ್ಬರು ಮೂವರು ಹೆಣ್ಣುಮಕ್ಕಳು ಸೇರಿ ಬಂದರೆ ಆ ಚರ್ಚೆಯ ಭಾರ ಅರ್ಧ ಇಳಿಯುತ್ತದೆ, ಬಾಡಿಗೆಯೂ ಹಂಚಿಹೋಗುತ್ತದೆ. ಇಲ್ಮ್ ಫರ್ಳ್ ಎಂದು ಮದ್ರಸದಲ್ಲಿ ಹೇಳಿಕೊಡುವ ನಾನು, ಗಾಡಿ ಸಿಗಲಿಲ್ಲ ಎಂದು ಓದು ಬಿಡಿಸಿ ಎನ್ನಲಾರೆ.

“ಬೈಯುವುದಿಲ್ಲ, ಕ್ಲಾಸೂ ನಿಲ್ಲಿಸುವುದಿಲ್ಲ, ಏನಾದರೂ ಆದರೆ ಆ ಕ್ಷಣವೇ ಫೋನ್ ಮಾಡು ಅಂತ ಮಗಳಿಗೆ ಬಾಪನೇ ಹೇಳಲಿ” ಎಂದೆ. ಆ್ಯಪ್‌ನಲ್ಲಿ ಆ ಡ್ರೈವರ್ ಮೇಲೆ ದೂರನ್ನೂ ಕೊಡಿಸಿದೆ.

ಹುಡುಗಿ ಈಗಲೂ ಕ್ಲಾಸಿಗೆ ಹೋಗುತ್ತಿದ್ದಾಳೆ. ಸಿಬಿಟಿ ತನಕ ಚಿಗರಿ ಬಸ್, ಅಲ್ಲಿಂದ ಅದೇ ಓಣಿಯ ಇನ್ನಿಬ್ಬರು ಹುಡುಗಿಯರ ಜೊತೆ ಪರಿಚಯದವರ ಆಟೊ. ಶನಿವಾರ ಮಾತ್ರ ಬಾಪನೇ ಹೋಟೆಲ್ ಬೇಗ ಮುಚ್ಚಿ ಬರುತ್ತಾರೆ.