ಖಾಲಿ ಕ್ಯಾರಿಯರ್‌ಗೆ ಎಷ್ಟು ಬಾಡಿಗೆ?

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ಮಾರನೇ ದಿನ ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿಂದ ಹಾಸನಕ್ಕೆ ಹೊರಟಿದ್ವಿ. ನಮ್ಮಲ್ಲಿ ಒಬ್ಬನ ಅಪ್ಪ ಟ್ಯಾಕ್ಸಿ ಓಡಿಸ್ತಾರೆ. ಏರ್‌ಪೋರ್ಟ್ ಬಾಡಿಗೆ ಮುಗಿಸಿ ಖಾಲಿ ವಾಪಸ್ ಹೋಗ್ತಿದ್ದವರು ನಮ್ಮನ್ನೂ ಹತ್ತಿಸಿಕೊಂಡರು. ನೆಲಮಂಗಲ ದಾಟಿ ಗಾಡಿ 80ಕ್ಕೆ ಬಂದ ಕೂಡಲೇ ತಲೆ ಮೇಲೆ 'ಗುಂಯ್' ಅಂತ ಒಂದು ಸದ್ದು ಶುರುವಾಯ್ತು. ವೇಗ ಇಳಿದರೆ ಸದ್ದೂ ಇಳಿಯುತ್ತೆ, ಮತ್ತೆ 80ಕ್ಕೆ ಬಂದರೆ ಮತ್ತೆ ಗುಂಯ್.

"ಅಂಕಲ್, ಏನದು ಸದ್ದು?" ಅಂದ್ವಿ.

"ಮೇಲಿನ ಕ್ಯಾರಿಯರ್ ಕಣ್ರಪ್ಪಾ. ಅದು ಯಾವಾಗ್ಲೂ ಹಂಗೇ."

"ಖಾಲಿ ಇದ್ಯಲ್ಲ, ಬಿಚ್ಚಿಡಬಹುದಲ್ವಾ? ಸುಮ್ನೆ ಡೀಸೆಲ್ ತಿನ್ನುತ್ತೆ."

"ಎಷ್ಟು ತಿನ್ನುತ್ತೆ?"

ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. "ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಲೆಕ್ಕ ಹಾಕಿ ಹೇಳಿ. ಆಮೇಲೆ ಬಿಚ್ಚೋಣ" ಅಂತ ಅಂಕಲ್ ನಕ್ಕರು. ಅವರಿಗೆ ಇದು ತಮಾಷೆಯ ಪ್ರಶ್ನೆ ಅಲ್ಲ. ಡೀಸೆಲ್ ದುಡ್ಡು ಕಳೆದು ಉಳಿದಿದ್ದರಲ್ಲೇ ಗಾಡಿ ಸಾಲದ ಕಂತು, ಮನೆ ಖರ್ಚು, ನಮ್ಮ ಗೆಳೆಯನ ಕಾಲೇಜ್ ಫೀಸು ಎಲ್ಲಾ ನಡೀಬೇಕು. ಹಾಗಾಗಿ ರಜೆಯಲ್ಲಿ ಕೂತು ಲೆಕ್ಕ ಹಾಕಿದ್ವಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಅನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ನಮಗೆ, ಅದರಿಂದ ಮೊದಲ ಸಲ ಒಬ್ಬರ ಜೇಬಿನ ಪ್ರಶ್ನೆಗೆ ಉತ್ತರ ಹುಡುಕೋ ಕೆಲಸ ಬಿತ್ತು.

ಗಾಡಿಯನ್ನು ತಡೆಯೋದು ಏನೇನು?

ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಕಾರನ್ನು ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಎರಡು.

ಮೊದಲನೆಯದು ಟೈರ್. ಟೈರ್ ಉರುಳುವಾಗ ರಬ್ಬರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಿಸಿಯಾಗುತ್ತೆ. ಈ ತಡೆ ತೂಕಕ್ಕೆ ತಕ್ಕಂತೆ ಇರುತ್ತೆ, ತೂಕದ ಸುಮಾರು ನೂರನೇ ಒಂದು ಭಾಗ ಅಂತ ಹಿಡಿಯಬಹುದು. ಕಾರು, ಐದು ಜನ ಎಲ್ಲಾ ಸೇರಿ 1,500 ಕೆಜಿ ಅಂದರೆ ಟೈರ್ ತಡೆ ಸುಮಾರು 147 ನ್ಯೂಟನ್. ವೇಗ 40 ಇರಲಿ, 80 ಇರಲಿ, ಇದು ಹೆಚ್ಚೇನೂ ಬದಲಾಗಲ್ಲ.

ಎರಡನೆಯದು ಗಾಳಿ, ಅಂದರೆ ಡ್ರ್ಯಾಗ್. ಸೂತ್ರ ನಿಮಗೆಲ್ಲಾ ಗೊತ್ತು:

ಗಾಳಿಯ ತಡೆ = ½ × ಗಾಳಿಯ ಸಾಂದ್ರತೆ × ಡ್ರ್ಯಾಗ್ ಕೋಎಫಿಶಿಯೆಂಟ್ × ಎದುರಿನ ವಿಸ್ತೀರ್ಣ × ವೇಗದ ವರ್ಗ

ಪುಸ್ತಕದಲ್ಲಿ ಗಾಳಿಯ ಸಾಂದ್ರತೆ 1.2 ಅಂತ ಇರುತ್ತೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು, ಹಾಸನ ಎಲ್ಲಾ 900 ಮೀಟರ್ ಆಸುಪಾಸಿನ ಎತ್ತರದಲ್ಲಿವೆ, ಇಲ್ಲಿ ಗಾಳಿ ಸ್ವಲ್ಪ ತೆಳು. ಅದಕ್ಕೆ ನಾವು 1.05 ತಗೊಂಡ್ವಿ. ಚಿಕ್ಕ ಸೆಡಾನ್ ಕಾರಿಗೆ ಡ್ರ್ಯಾಗ್ ಕೋಎಫಿಶಿಯೆಂಟ್ 0.33, ವಿಸ್ತೀರ್ಣ 2.1 ಚದರ ಮೀಟರ್ ಅಂತ ಹಿಡಿದರೆ ಎರಡರ ಗುಣಲಬ್ಧ ಸುಮಾರು 0.7.

ಈಗ ನೋಡಿ. ಗಂಟೆಗೆ 40 ಕಿಮೀ ವೇಗದಲ್ಲಿ ಗಾಳಿಯ ತಡೆ ಸುಮಾರು 45 ನ್ಯೂಟನ್. 80ರಲ್ಲಿ ಸುಮಾರು 182. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಅಂದರೆ ಊರೊಳಗೆ ಟೈರ್‌ದೇ ದರ್ಬಾರು, ಹೈವೇಯಲ್ಲಿ ಗಾಳಿಯದು. 80ರಲ್ಲಿ ಎರಡೂ ಸೇರಿ 329 ನ್ಯೂಟನ್. ಲೆಕ್ಕಕ್ಕೆ 80 ಯಾಕೆ ಅಂದರೆ, ಅಂಕಲ್‌ದು ಹಳದಿ ಬೋರ್ಡ್ ಗಾಡಿ, ಸ್ಪೀಡ್ ಗವರ್ನರ್ 80ಕ್ಕೇ ಇರೋದು.

ಖಾಲಿ ಪೈಪು ಏನು ಮಾಡುತ್ತೆ?

ಇಷ್ಟು ತೆಳ್ಳಗಿರೋ ಪೈಪು ಅಷ್ಟು ದೊಡ್ಡ ಕಾರಿಗೆ ಏನು ಮಾಡೀತು ಅಂತ ನಮಗೂ ಅನ್ನಿಸಿತ್ತು. ಆದರೆ ಇಲ್ಲಿ ಆಕಾರವೇ ಆಟ. ಇಡೀ ಕಾರಿನ ಡ್ರ್ಯಾಗ್ ಕೋಎಫಿಶಿಯೆಂಟ್ 0.33 ಇದ್ದರೆ, ದುಂಡು ಪೈಪ್‌ದು ಈ ವೇಗದಲ್ಲಿ ಸುಮಾರು 1.2. ಕಾರಿನ ಮೈಯನ್ನು ಗಾಳಿ ಜಾರಿಕೊಂಡು ಹೋಗುತ್ತೆ. ಪೈಪ್ ಹಿಂದೆ ಅದಕ್ಕೆ ಹಾಗೆ ಕೂಡಿಕೊಳ್ಳಕ್ಕೆ ಆಗಲ್ಲ. ಒಂದು ಸಲ ಮೇಲಿಂದ, ಒಂದು ಸಲ ಕೆಳಗಿಂದ ಸುಳಿ ಸುಳಿಯಾಗಿ ಕಿತ್ತುಕೊಂಡು ಹೋಗುತ್ತೆ. ನಾವು ಓದಿದ ಕಾರ್ಮನ್ ವಾರ್ಟೆಕ್ಸ್ ಸ್ಟ್ರೀಟ್ ಇದೇ. 25 ಮಿಲಿಮೀಟರ್ ಪೈಪ್‌ಗೆ 80ರ ವೇಗದಲ್ಲಿ ಸ್ಟ್ರೌಹಾಲ್ ಸಂಖ್ಯೆ 0.2 ಹಾಕಿ ನೋಡಿದರೆ ಸೆಕೆಂಡಿಗೆ ಸುಮಾರು 178 ಸಲ ಸುಳಿ ಬಿಡುತ್ತೆ. ನಮ್ಮ ತಲೆ ಮೇಲಿನ 'ಗುಂಯ್' ಅದೇ! ಸದ್ದಿಗೆ ಹೋಗೋ ಶಕ್ತಿ ತೀರಾ ಕಡಿಮೆ, ಆದರೆ ಆ ಸುಳಿಗಳನ್ನು ಎಬ್ಬಿಸೋಕೆ ಖರ್ಚಾಗೋದು ಡೀಸೆಲ್.

ಅಂಕಲ್ ಗಾಡಿಯ ಕ್ಯಾರಿಯರ್‌ನಲ್ಲಿ ಅಡ್ಡ ಪೈಪುಗಳು ಐದಿವೆ. ಒಂದೊಂದೂ 1.1 ಮೀಟರ್ ಉದ್ದ. ಹಿಂದಿನವು ಮುಂದಿನದರ ಮರೆಯಲ್ಲಿರೋದರಿಂದ ನಾವು ಎರಡನ್ನು ಮಾತ್ರ ಪೂರ್ತಿ ಎಣಿಸಿದ್ವಿ. ಆಗ ಕಾರಿನ 0.7ಕ್ಕೆ 0.07 ಸೇರುತ್ತೆ. 80ರಲ್ಲಿ ಅದು 18 ನ್ಯೂಟನ್, ಒಟ್ಟು ತಡೆಯ ಸುಮಾರು 5.5 ಶೇಕಡಾ.

ಈ 18 ನ್ಯೂಟನ್ ದೊಡ್ಡದಾ ಚಿಕ್ಕದಾ? ಡಿಕ್ಕಿಯಲ್ಲಿ 50 ಕೆಜಿ ಲಗೇಜ್ ಇಟ್ಟರೆ ಟೈರ್ ತಡೆ ಹೆಚ್ಚೋದು ಬರೀ 5 ನ್ಯೂಟನ್. ಅಂದರೆ ಸಮತಟ್ಟು ಹೈವೇಯಲ್ಲಿ, ತಲೆ ಮೇಲಿನ ಖಾಲಿ ಕ್ಯಾರಿಯರ್ ಡಿಕ್ಕಿಯೊಳಗಿನ 180 ಕೆಜಿಗೆ ಸಮ. ಈ ಉತ್ತರ ಬಂದಾಗ ತಪ್ಪು ಮಾಡಿದ್ವಿ ಅಂದುಕೊಂಡು ಎರಡು ಸಲ ಲೆಕ್ಕ ನೋಡಿದ್ವಿ.

ಅದೇ ಲಗೇಜ್, ಒಳಗೆ ಮತ್ತು ಮೇಲೆ

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿ ಇದೆ. ಬಹುಪಾಲು ಬಿಸಿಯಾಗಿ ಹೋಗಿ, ಚಕ್ರಕ್ಕೆ ಸಿಗೋದು 10 ಅಂತ ಹಿಡಿಯೋಣ. ಆಗ 100 ಕಿಮೀಗೆ ಖಾಲಿ ಕ್ಯಾರಿಯರ್ ತಿನ್ನೋದು 180 ಮಿಲಿಲೀಟರ್.

ಈಗ 50 ಕೆಜಿ ಲಗೇಜ್ ತಗೊಳ್ಳಿ. ಡಿಕ್ಕಿಯಲ್ಲಿಟ್ಟರೆ 100 ಕಿಮೀಗೆ ಸುಮಾರು 50 ಮಿಲಿಲೀಟರ್. ಅದನ್ನೇ ಕ್ಯಾರಿಯರ್ ಮೇಲೆ ಹೇರಿ, ನೀಲಿ ಟಾರ್ಪಾಲ್ ಹೊದಿಸಿ, ಹಗ್ಗ ಬಿಗಿದರೆ? ಒಂದು ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರದ ಗೋಡೆಯೇ ಗಾಳಿಗೆ ಎದುರಾಗುತ್ತೆ. ಕ್ಯಾರಿಯರ್ ಸೇರಿಸಿ 0.3 ಅಂತ ಹಿಡಿದರೂ 80ರಲ್ಲಿ 78 ನ್ಯೂಟನ್, 100 ಕಿಮೀಗೆ ಮುಕ್ಕಾಲು ಲೀಟರ್‌ಗಿಂತ ಹೆಚ್ಚು! ತೂಕ ಅದೇ, ಜಾಗ ಬೇರೆ, ಖರ್ಚು ಹದಿನೈದು ಪಟ್ಟು.

ಇದು ನಮ್ಮ ನೋಟ್‌ಬುಕ್ ಲೆಕ್ಕ. ನಿಜದ ಗಾಡಿಯಲ್ಲಿ ಎಸಿ, ಇಂಜಿನ್ ಒಳಗಿನ ಘರ್ಷಣೆಗೂ ಡೀಸೆಲ್ ಹೋಗೋದರಿಂದ ಶೇಕಡಾವಾರು ಸ್ವಲ್ಪ ಕಡಿಮೆ ಕಾಣುತ್ತೆ. ಆದರೂ ದಾರಿ ತಪ್ಪಿಲ್ಲ. ಕಾರಿನ ಮೇಲೆ ದೊಡ್ಡ ಮೊಂಡು ಬಾಕ್ಸ್ ಇಟ್ಟರೆ ಮೈಲೇಜ್ ಊರೊಳಗೆ 2ರಿಂದ 8 ಶೇಕಡಾ, ಹೈವೇಯಲ್ಲಿ 6ರಿಂದ 17 ಶೇಕಡಾ, ಗಂಟೆಗೆ 105–120 ಕಿಮೀ ವೇಗದಲ್ಲಿ 10ರಿಂದ 25 ಶೇಕಡಾ ಇಳಿಯಬಹುದು ಅಂತ ಅಮೆರಿಕ ಸರ್ಕಾರ ಅಲ್ಲಿನ ವಾಹನ ಸವಾರರಿಗೆ ಹೇಳುತ್ತೆ. ಬಾಕ್ಸನ್ನು ಕಾರಿನ ಹಿಂದೆ ಕಟ್ಟಿದರೆ ಹೈವೇಯಲ್ಲಿ 1ರಿಂದ 5 ಶೇಕಡಾ ಮಾತ್ರ. ಅಲ್ಲಿನ ಎಲ್ಲಾ ರೂಫ್ ರ‍್ಯಾಕ್‌ಗಳು ಸೇರಿ 2015ರಲ್ಲಿ ಹೆಚ್ಚುವರಿಯಾಗಿ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರ್ ಪೆಟ್ರೋಲ್ ತಿಂದವು ಅಂತ ಯೂಚೆ ಚೆನ್ ಮತ್ತು ಅಲನ್ ಮಯರ್ 2016ರಲ್ಲಿ ಅಂದಾಜು ಮಾಡಿದ್ದಾರೆ.

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ವಾ?

ಇದೆ, ಆದರೆ ಬೇರೆ ಕಡೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡೋ ಊರಿನ ಓಟದಲ್ಲಿ, ಪ್ರತಿ ಸಲ ಗಾಡಿಯನ್ನು 40ಕ್ಕೆ ಏರಿಸೋಕೆ ಶಕ್ತಿ ಬೇಕು, ಬ್ರೇಕ್ ಒತ್ತಿದಾಗ ಅದೆಲ್ಲಾ ಬಿಸಿಯಾಗಿ ಹೋಗುತ್ತೆ. ಇದು ಪೂರ್ತಿ ತೂಕದ ಲೆಕ್ಕ. ಘಾಟಿಯಲ್ಲೂ ಅಷ್ಟೇ. ಶಿರಾಡಿ ಘಾಟಿ ಕಡೆಯಿಂದ ಸಕಲೇಶಪುರಕ್ಕೆ ಬರುವಾಗ 50 ಕೆಜಿಯನ್ನು 800 ಮೀಟರ್ ಎತ್ತಬೇಕು ಅಂದರೆ ಸುಮಾರು 40 ಮಿಲಿಲೀಟರ್ ಡೀಸೆಲ್. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬೇಡದ ಸಾಮಾನು ಹೊತ್ತು ತಿರುಗೋರು ಇದನ್ನ ನೆನಪಿಟ್ಟುಕೊಳ್ಳಬೇಕು.

ಅಂಕಲ್ ಏನಂದ್ರು?

ತಿಂಗಳಿಗೆ 2,500 ಕಿಮೀ ಹೈವೇ ಓಟ ಖಾಲಿ ಕ್ಯಾರಿಯರ್ ಜೊತೆ ಅಂದರೆ ನಾಲ್ಕೂವರೆ ಲೀಟರ್. ಲೀಟರ್‌ಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 400, ವರ್ಷಕ್ಕೆ 4,800 ರೂಪಾಯಿ. ಹೆಮ್ಮೆಯಿಂದ ಹೋಗಿ ಹೇಳಿದ್ವಿ.

ಅಂಕಲ್ ಪೂರ್ತಿ ಕೇಳಿಸಿಕೊಂಡ್ರು. "ಲೆಕ್ಕ ಸರಿಯಾಗೇ ಐತೆ. ಆದ್ರೆ ರಾತ್ರಿ ಹತ್ತಕ್ಕೆ ಫೋನ್ ಮಾಡಿ, ಬೆಳಿಗ್ಗೆ ನಾಲ್ಕಕ್ಕೆ ಬನ್ನಿ, ಆರು ಸೂಟ್‌ಕೇಸ್ ಐತೆ ಅಂತಾರೆ. ಕ್ಯಾರಿಯರ್ ಇಲ್ಲ ಅಂದ್ರೆ ಬೇರೆ ಗಾಡಿ ನೋಡ್ಕೋತಾರೆ. ಒಂದು ಬಾಡಿಗೆ ತಪ್ಪಿದ್ರೆ ನಿಮ್ಮ ನಾನೂರು ರೂಪಾಯಿ ಎಲ್ಲಿಗಾಗುತ್ತೆ?"

ನಮ್ಮ ಸೂತ್ರದಲ್ಲಿ ಈ ಟರ್ಮೇ ಇರಲಿಲ್ಲ. ಮತ್ತೆ ಕೂತು ಕೇಳಿದಾಗ ಗೊತ್ತಾಯ್ತು: ನಿಜವಾದ ತೊಂದರೆ ಬೋಲ್ಟ್‌ಗಳದ್ದು. ತುಕ್ಕು ಹಿಡಿದು ಕೂತಿದ್ದರಿಂದ ಬಿಚ್ಚೋಕೆ ಗಂಟೆಗಟ್ಟಲೆ ಬೇಕು, ಅದಕ್ಕೇ ವರ್ಷಪೂರ್ತಿ ಮೇಲೇ ಇತ್ತು. ನಾವು ನಾಲ್ಕು ಜನ ಸೇರಿ ಬೋಲ್ಟ್ ಬದಲಾಯಿಸಿ, ಗ್ರೀಸ್ ಹಚ್ಚಿದ್ವಿ. ಈಗ ಇಬ್ಬರು ಸ್ಪ್ಯಾನರ್ ಹಿಡಿದರೆ ಕಾಲು ಗಂಟೆ ಸಾಕು. ಮದುವೆ ಸೀಸನ್‌ನಲ್ಲಿ ಕ್ಯಾರಿಯರ್ ಮೇಲಿರುತ್ತೆ. ಆಷಾಢದಲ್ಲಿ ಹೇಗೂ ಬಾಡಿಗೆ ಕಮ್ಮಿ, ಆಗ ಬಿಚ್ಚಿ ಮನೆ ಹಿತ್ತಲಲ್ಲಿ ಇಡೋದು ಅಂತ ಒಪ್ಪಂದ ಆಯ್ತು.

ಬಿಳಿ ಬೋರ್ಡ್ ಗಾಡಿಯಲ್ಲಿ ಟ್ರಿಪ್ ಹೋಗೋ ನಮ್ಮಂಥವರಿಗೆ ಈ ಬಾಡಿಗೆಯ ತಲೆನೋವು ಇಲ್ಲ. ಹಾಗಾಗಿ ನಾಲ್ಕೇ ಮಾತು. ಲಗೇಜ್ ಮೊದಲು ಡಿಕ್ಕಿಗೆ, ಹಿಡಿಸದೇ ಇದ್ದರೆ ಮಾತ್ರ ಮೇಲಕ್ಕೆ. ಮೇಲೆ ಹೇರಲೇಬೇಕಾದರೆ ಆದಷ್ಟು ತಗ್ಗಾಗಿ ಜೋಡಿಸಿ, ರೂಫ್ ಎಷ್ಟು ಭಾರ ತಡೆಯುತ್ತೆ ಅಂತ ಮ್ಯಾನುವಲ್‌ನಲ್ಲಿ ನೋಡಿ. ಟೈರ್ ಗಾಳಿಯನ್ನು ಲೋಡ್‌ಗೆ ತಕ್ಕಂತೆ ಹಿಡಿಸಿ. ಕೊನೆಯದು, 100ರ ಬದಲು 80ರಲ್ಲಿ ಹೋಗಿ. ಖಾಲಿ ಕ್ಯಾರಿಯರ್ ಸೇರಿಸೋದು 18 ನ್ಯೂಟನ್ ಆದರೆ, 80ರಿಂದ 100ಕ್ಕೆ ಏರಿದರೆ ಸೇರೋದು ನೂರಕ್ಕೂ ಹೆಚ್ಚು. 100 ಕಿಮೀ ದಾರಿಯಲ್ಲಿ ಉಳಿಯೋ ಹದಿನೈದು ನಿಮಿಷಕ್ಕೆ ಕೊಡೋ ಬೆಲೆ ಸುಮಾರು ಒಂದು ಲೀಟರ್.

ಕಳೆದ ವಾರ ಮತ್ತೆ ಅದೇ ಗಾಡಿಯಲ್ಲಿ ಬೆಂಗಳೂರಿಗೆ ಬಂದ್ವಿ. ಆಷಾಢ, ಕ್ಯಾರಿಯರ್ ಹಿತ್ತಲಲ್ಲಿತ್ತು. ಕುಣಿಗಲ್ ಹತ್ರ ಅಂಕಲ್ ರೇಡಿಯೊ ಆಫ್ ಮಾಡಿ, "ಸದ್ದೇ ಇಲ್ಲ ಅಲ್ವೇನ್ರೋ" ಅಂದ್ರು. ನಿಮ್ಮ ಮನೆ ಗಾಡಿ ಮೇಲೂ ಖಾಲಿ ಕ್ಯಾರಿಯರ್ ಇದ್ದರೆ ಲೆಕ್ಕ ಹಾಕಿ ನೋಡಿ. ನಮ್ಮ ಲೆಕ್ಕದಲ್ಲಿ ತಪ್ಪು ಕಂಡರೆ ಕ್ಲಬ್ಬಿಗೆ ಬಂದು ಜಗಳ ಆಡಿ, ಚಹಾ ನಮ್ಮದು.